ಅಜ್ಜನ ಸಾಲು

ಹಳೆಯ ಕತ್ತಿ, ಹಳೆಯ ಜಾಗಟೆಗಳಿಗೆ ಹಿರಿಯರ ಹೆಸರಿಡುವುದು ನಮ್ಮ ಜಾವಾದವರ ರೂಢಿ. ಹಾಗೇ ಊರಿನ ಆರೋಗ್ಯ ಕೇಂದ್ರದ ಹಳೆಯ ಬೀಪಿ ಯಂತ್ರಕ್ಕೂ ‘ಅಜ್ಜ’ ಎಂಬ ಹೆಸರು ಬಿತ್ತು. ಗುಂಡು ಮುಖ, ಒಳಗೊಂದು ಮುಳ್ಳು. ಹೊಸದಾಗಿ ಬಂದ ಬ್ಯಾಟರಿ ಯಂತ್ರಕ್ಕೆ ಮಾತ್ರ ಯಾರೂ ಹೆಸರಿಡಲಿಲ್ಲ. ಅದು ಎಲ್ಲರಿಗೂ ಜಾಸ್ತಿ ತೋರಿಸುತ್ತಿತ್ತು, ಅಜ್ಜ ಕಡಿಮೆ ತೋರಿಸುತ್ತಿದ್ದ. ವಯಸ್ಸಾದವರ ತಪಾಸಣೆಯ ದಿನ ಅಜ್ಜನ ಮುಂದೆ ಉದ್ದ ಸಾಲು, ಹೊಸದರ ಮುಂದೆ ನಾನೊಬ್ಬಳೇ. ನಾನೇನು ಜಾಣೆ ಅಂತಲ್ಲ, ಬಿಸಿಲಲ್ಲಿ ಕಾಯಲು ನನ್ನಿಂದಾಗದು.

ನನಗೆ ಬೀಪಿ ಇದೆ ಅಂತಾಯಿತು. ನಮ್ಮ ಯಜಮಾನರು, ವಾಗಿಮಿನ್ ಅಂತ ಅವರ ಹೆಸರು, ಮೊದಲಿಂದ ನುಂಗುತ್ತಿದ್ದ ಮಾತ್ರೆಯನ್ನೇ ಕೇಂದ್ರದವರು ನನಗೂ ಕೊಟ್ಟರು. ಯಜಮಾನರು ಅಜ್ಜನ ಸಾಲಿನಿಂದ ಎದೆಯುಬ್ಬಿಸಿಕೊಂಡು ಬಂದರು.

“ಹುಡುಗನ ರಕ್ತ ಕಣೇ ನಂದು! ಇನ್ನು ಮಾತ್ರೆ ಯಾತಕ್ಕೆ?”

“ರೀ, ಒಂದ್ಸಲ ಇದಕ್ಕೂ ಕೈ ಕೊಟ್ಟು ನೋಡ್ರಿ.”

“ಅದು ಬಾಯಿಬಡುಕಿ. ಥೇಟ್ ನಿನ್ನ ಥರ.”

ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಸಾಲಿನ ಮುಂದಿನವರ ತೋಳಿಗೆ ಪಟ್ಟಿ ಕಟ್ಟುತ್ತಿದ್ದ ನರ್ಸ್ ಸುಹಾರ್ತಿನಿ ಅಜ್ಜನ ಮುಳ್ಳು ನೋಡಿದಳು. ಗಾಳಿ ಹಾಕುವ ಮೊದಲೇ ಅದು ಸೊನ್ನೆಯಿಂದ ಕೆಳಗೆ ಬಿದ್ದುಕೊಂಡಿತ್ತು.

“ಅಜ್ಜಂಗೆ ವಯಸ್ಸಾಯ್ತಲ್ಲ, ಸ್ವಲ್ಪ ಒರಗಿಕೊಂಡಿದಾನೆ,” ಎಂದು ನಗಿಸಿದಳು. ಹಿರಿಯರ ತಪ್ಪನ್ನು ಎದುರಿಗೇ ಎತ್ತಿ ಆಡುವವರು ನಮ್ಮಲ್ಲಿ ಯಾರಿದ್ದಾರೆ?

ಯಜಮಾನರು ಮನೆಗೆ ಬಂದು ತಮ್ಮ ಮಾತ್ರೆಯನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ಸುರಿದು ಮುಚ್ಚಿಟ್ಟರು. ಒಂದು ಬೆಳಿಗ್ಗೆ ಸಾಕಿದ ಪಾರಿವಾಳದ ಪಂಜರವನ್ನು ಎಂದಿನಂತೆ ಅಂಗಳದ ಕಂಬಕ್ಕೇರಿಸಲು ಹೋದವರಿಗೆ ಕೈ ಮೇಲೇಳಲಿಲ್ಲ. ಮಾತೂ ತೊದಲಿತು. ಲಕ್ವ ಎಂದರು. ಜಿಲ್ಲಾ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಏಳನೇ ದಿನದ ಪ್ರಾರ್ಥನೆಗೆ ಬಂದವರಿಗೆಲ್ಲ ನಾನೇ ಅನ್ನ ಬಡಿಸಿದೆ. ಉಪ್ಪು ಸಾಕಾ ಎಂದೂ ಕೇಳಿದೆ.

ಮುಂದಿನ ತಪಾಸಣೆಗೆ ಜಿಲ್ಲೆಯಿಂದ ಯಂತ್ರ ಪರೀಕ್ಷಿಸುವವನು ಬಂದ. ಅಜ್ಜನನ್ನು ತನ್ನ ಪೆಟ್ಟಿಗೆಗೆ ಜೋಡಿಸಿ ನೋಡಿದ.

“ಸೊನ್ನೆಗೇ ನಿಲ್ತಿಲ್ವಲ್ರೀ ಇದು! ಯಾರೂ ನೋಡ್ಲೇ ಇಲ್ವಾ?”

ಸುಹಾರ್ತಿನಿ ಅಜ್ಜನ ಪಟ್ಟಿಯನ್ನು ಸುತ್ತಿಡತೊಡಗಿದಳು. ಅವನು ಅಜ್ಜನ ಮುಖದ ಮೇಲೆ ಕೆಂಪು ಚೀಟಿ ಅಂಟಿಸಿದ.

“ಅಯ್ಯೋ, ಇನ್ನು ನಾವೆಲ್ಲಿಗೆ ಹೋಗೋದು?” ಎಂದರು ಸಾಲಿನಲ್ಲಿದ್ದವರು.

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಳುವೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು. ಹೊಸ ಯಂತ್ರಕ್ಕೆ ಕೈ ಕೊಟ್ಟು ಕೂತೆ. ಬೀಪಿ ಏರಿತ್ತು.

“ಮಾತ್ರೆ ತಪ್ಪಿಸಬೇಡಿ ಅಕ್ಕ. ಆದ್ರೆ ಈ ಸಲ ಸ್ಟಾಕೇ ಬಂದಿಲ್ಲ,” ಎಂದಳು ಸುಹಾರ್ತಿನಿ.

“ಪರವಾಗಿಲ್ಲಮ್ಮ. ಮನೇಲಿ ಇದಾವೆ.”

“ಎಲ್ಲಿಂದ ಬಂತು?”

“ಅವರದು. ಡಬ್ಬಿ ತುಂಬಾ ಇದೆ.”

ಪಟ್ಟಿ ಬಿಚ್ಚುತ್ತಿದ್ದ ಅವಳ ಕೈ ಹಾಗೇ ನಿಂತಿತು. ಕೊನೆಗೆ ನಾನೇ ಬಿಚ್ಚಿಕೊಂಡು ಎದ್ದೆ.