ಬಾಯಿಕುಕ್ಕೆ

ನಿದ್ದೆಯಲ್ಲಿ ನನ್ನ ಉಸಿರು ಕಟ್ಟುತ್ತದೆಂದು ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೈಸೂರಿನ ಡಾಕ್ಟರು ಗಾಳಿಯೂದುವ ಮಿಷನ್ನೊಂದನ್ನು ಕೊಟ್ಟರು. ಮೂಗಿಗೆ ಕಟ್ಟುವ ಅದರ ಮಾಸ್ಕನ್ನು ದಿನಾ ಕಿತ್ತೆಸೆಯುತ್ತಿದ್ದೆ.

"ನನ್ನೇನು ಎತ್ತು ಅನ್ಕಂಡಿದ್ದೀಯಾ, ಬಾಯಿಗೆ ಕುಕ್ಕೆ ಆಕಕ್ಕೆ?" ಎಂದು ಹೆಂಡತಿ ಪುಟ್ಟತಾಯಿಯ ಮೇಲೆ ರೇಗಿದೆ.

"ಎತ್ತೇ ವಾಸಿ ಬುಡಿ. ನಮ್ಮ ಕೆಂದೆತ್ತು ಮೂರೇ ದಿನಕ್ಕೆ ಒಗ್ಗೋಗಿತ್ತು," ಎಂದಳು.

ಬೆಳಗೊಳದ ನಮ್ಮ ಕಣದಲ್ಲಿ ರಾಗಿ ಒಕ್ಕುವಾಗ ಕೆಂದೆತ್ತು ತೆನೆಗೆ ಬಾಯಿ ಹಾಕದಿರಲೆಂದು ಹಗ್ಗದ ಕುಕ್ಕೆ ಕಟ್ಟುತ್ತಿದ್ದೆ. ಮೊದಲ ದಿನ ಅದು ತಲೆ ಕೊಡವಿ ನನ್ನನ್ನೇ ಕೆಡವಿತ್ತು. ಆಮೇಲೆ ಕೆಲಸವಿಲ್ಲದ ಹೊತ್ತಲ್ಲಿ ಕುಕ್ಕೆ ಕಟ್ಟಿ, ಅದರ ಗಂಟಲ ಕೆಳಗೆ ಜೋಲುವ ಗಂಗೆದೊಗಲು ಕೆರೆಯುತ್ತಾ ಕೂತಿರುತ್ತಿದ್ದೆ. ಟ್ರಾಕ್ಟರು ಬಂದ ವರ್ಷ ಅದನ್ನು ಮಾರಿಬಿಟ್ಟೆವು.

ಮಾರನೆಯ ಮಧ್ಯಾಹ್ನ ಪುಟ್ಟತಾಯಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ ಮಾಸ್ಕು ಕಟ್ಟಿದಳು. ತಲೆ ಕೊಡವಿದೆ. "ಓ... ಓ... ಸುಮ್ಕಿರಪ್ಪ," ಎಂದು ಗಂಟಲ ಕೆಳಗೆ ಮೆಲ್ಲಗೆ ಕೆರೆದಳು. ಅದು ನಾನು ಕೆಂದೆತ್ತಿಗೆ ಹೇಳುತ್ತಿದ್ದ ಮಾತು.

ಎಚ್ಚರವಾದಾಗ ಹಾಲು ಕರೆಯುವ ಹೊತ್ತಾಗಿತ್ತು. ಮಾಸ್ಕು ಮುಖದಲ್ಲೇ ಇತ್ತು. ಅವಳೇ ಬಿಚ್ಚಿದಳು.

"ಕುಕ್ಕೆ ಬಿಚ್ಚುದ್ರೆ ಕೆಂದೆತ್ತು ನಿಮ್ಮ ಕೈ ನೆಕ್ತಿತ್ತು," ಎಂದು ನಕ್ಕಳು.

"ಎದ್ದೋಗಿ ಟೀ ಕಾಸು," ಎಂದು ಗದರಿದೆ, ಅವಳ ಕೈ ಬಿಡದೆಯೇ.