ಅಪ್ಪನ ಅರವತ್ತೆರಡು ಹೆಜ್ಜೆ

2019ರ ಮಾರ್ಚ್ 14, ಗುರುವಾರ. ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಅವಳು ಅಪ್ಪನ ಎಡಗಾಲಿನ ಬೂಟಿಗೆ ಎರಡನೇ ಸಲ ಪಾಲಿಶ್ ತಿಕ್ಕುತ್ತಿದ್ದಳು. ಮೊದಲ ಸಲ ತಿಕ್ಕಿದ್ದೇ ಸಾಕಿತ್ತು. ಕೈ ಸುಮ್ಮನಿರಲೊಲ್ಲದು.

"ಮಲಗಿದೋರಿಗೆ ಬೂಟು ಯಾಕೇ?" ಅಮ್ಮ ಒಳಗಿನಿಂದ ಕೇಳಿದಳು.

"ಅಪ್ಪಾನೇ ಹೇಳಿದ್ರಲ್ಲಮ್ಮ, ಕೊನೇ ಸಲ ಹೊರಡುವಾಗ ಹಾಕಿ ಅಂತ."

"ಹಾಕು. ಮದುವೆ ಆಗಿದ್ದೇ ಆ ಬೂಟನ್ನ. ನಾನು ಜೊತೆಗೆ ಬಂದವಳು, ಅಷ್ಟೆ."

ವಾರಕ್ಕೆ ಐದು ದಿನ ಮುದ್ರಣಾಲಯದಲ್ಲಿ ಯಂತ್ರ ರಿಪೇರಿ, ಶನಿವಾರ ಭಾನುವಾರ ಮೀಸಲು ಸೇನೆಯಲ್ಲಿ ಹವಾಲ್ದಾರಿಕೆ. ಅಪ್ಪನ ಇಪ್ಪತ್ತೆರಡು ವರ್ಷ ಹೀಗೇ ಕಳೆದಿತ್ತು.

ಬಲಗಾಲಿನ ಬೂಟಿನೊಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಎಳೆದರೆ, ಅಪ್ಪ ಬೆಲ್ಟಿಗೆ ಕಟ್ಟಿಕೊಳ್ಳುತ್ತಿದ್ದ ಮಣಿದಾರ. ಬಲಗಾಲು ಅರವತ್ತೆರಡು ಸಲ ನೆಲಕ್ಕೆ ಬಿದ್ದರೆ ನೂರು ಮೀಟರ್. ಆಗ ಒಂದು ಮಣಿ ಕೆಳಗೆ. ಗುರುತಿಲ್ಲದ ಬಯಲಲ್ಲೂ ಅಪ್ಪ ದೂರ ತಪ್ಪುತ್ತಿರಲಿಲ್ಲ. ದಿಕ್ಕು ಹೇಳುತ್ತಿದ್ದವನು ಅವನ ಜೊತೆಗಾರ. ಅವನನ್ನು ಎಲ್ಲರೂ ಕಂಪಾಸ್ ಎಂದೇ ಕರೆಯುತ್ತಿದ್ದರು, ಅವನ ಹೆಂಡತಿಯೂ ಸಹ.

ಅದೇ ಕಂಪಾಸ್ ಈಗ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಸಾಕು ಮಗಳೇ, ತೂತು ಬೀಳುತ್ತೆ." ಚೀಲದಿಂದ ಒಂದು ಅರ್ಜಿ ತೆಗೆದ. "ಇದನ್ನ ಐದು ಗಂಟೆಯೊಳಗೆ ಆಫೀಸಿಗೆ ಮುಟ್ಟಿಸಬೇಕು. ಸಹಿ ಹಾಕು, ಇಲ್ಲಾ ನನ್ನ ಎದುರಿಗೇ ಹರಿದುಹಾಕು. ಇವತ್ತು ಕೇಳಬಾರದಿತ್ತು, ಗೊತ್ತು."

"ಒಂದ್ಸಲ ಸೋತಿದ್ದು ಸಾಲದಾ ಮಾಮ?"

"ಏಪ್ರಿಲ್ ಏಳಕ್ಕೆ ಮರುಓಟ. ಒಂಬತ್ತಕ್ಕೆ ನಿನಗೆ ನಲವತ್ತು. ಆಮೇಲೆ ಬೇಕು ಅಂದ್ರೂ ಯಾರೂ ಕೇಳಲ್ಲ."

ಅವಳು ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಮೀಸಲು ಸೇನೆಯಲ್ಲಿ ಅಧಿಕಾರಿಯಾಗಲು ಎರಡು ದಾರಿಗಳಿದ್ದವು. ಸಿಪಾಯಿಯಾಗಿ ಸೇರಿ, ಮೇಲಿನವರ ಶಿಫಾರಸು ಪಡೆದು, ಪರೀಕ್ಷೆ ಬರೆದು ಏರುವುದು ಒಂದು. ಪದವಿ, ವೃತ್ತಿ ಇದ್ದವರು ನೇರವಾಗಿ ಅರ್ಜಿ ಹಾಕುವುದು ಇನ್ನೊಂದು. ಅಪ್ಪನಿಗೆ ಮೂರು ಸಲ ಶಿಫಾರಸು ಸಿಕ್ಕಿತ್ತು. ಮೂರು ಸಲವೂ ಗಣಿತದ ಪತ್ರಿಕೆ ಕೈಕೊಟ್ಟಿತ್ತು.

ಅವಳು ನೀರು ಶುದ್ಧೀಕರಣ ಘಟಕದ ರಸಾಯನಶಾಸ್ತ್ರಜ್ಞೆ. ಪ್ರವಾಹ ಬಂದಲ್ಲೆಲ್ಲ ಕುಡಿಯುವ ನೀರು ಒದಗಿಸುವ ದಳಕ್ಕೆ ಅಂಥವರೇ ಬೇಕಿತ್ತು. ಲಿಖಿತ, ಸಂದರ್ಶನ, ವೈದ್ಯಕೀಯ ಎಲ್ಲ ದಾಟಿದ್ದಳು. ಉಳಿದಿದ್ದು ಎರಡು ಸಾವಿರದ ನಾನೂರು ಮೀಟರ್ ಓಟ, ಹದಿಮೂರು ನಿಮಿಷ ಹದಿನೈದು ಸೆಕೆಂಡಿನೊಳಗೆ.

ಅಕ್ಟೋಬರಿನಲ್ಲಿ ಅಪ್ಪ ತಾನೇ ಹೆಜ್ಜೆ ಎಣಿಸಿ, ಕೆರೆಯ ಸುತ್ತಲ ದಾರಿಯಲ್ಲಿ ಶುರುವಿಗೊಂದು, ಕೊನೆಗೊಂದು ಬಿಳಿ ಚುಕ್ಕೆ ಹಾಕಿದ್ದ. "ಟೇಪು ಗೀಪು ಬೇಡ. ನನ್ನ ಕಾಲು ಸುಳ್ಳು ಹೇಳಲ್ಲ." ಅಲ್ಲಿ ಅವಳ ಸಮಯ ಹನ್ನೊಂದು ನಿಮಿಷ ನಲವತ್ತೆರಡು ಸೆಕೆಂಡಿಗೆ ಇಳಿದಿತ್ತು. "ಕಣ್ಣು ಮುಚ್ಚಿಕೊಂಡು ಓಡಿದ್ರೂ ಪಾಸು. ಮೊದಲ ಸೆಲ್ಯೂಟ್ ನಂದೇ, ನೆನಪಿರಲಿ," ಎಂದಿದ್ದ.

ಫೆಬ್ರವರಿ 24ರಂದು ನಿಜವಾದ ಮೈದಾನದಲ್ಲಿ ಹದಿನಾಲ್ಕು ನಿಮಿಷ ಒಂದು ಸೆಕೆಂಡ್ ಆಯಿತು. ಬೇಲಿಯಾಚೆ ನಿಂತಿದ್ದ ಅಪ್ಪ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು ಹೇಳಿದ್ದು ಒಂದೇ ಮಾತು:

"ಕಾಲಿನ ತಪ್ಪಲ್ಲ. ನಡುವೆ ಮನಸ್ಸು ಬಿಟ್ಟೆ ನೀನು."

ಹದಿನಾರು ದಿನ ಇಬ್ಬರೂ ಮಾತಾಡಲಿಲ್ಲ. ಹದಿನಾರನೆಯ ದಿನ ಅಪ್ಪನ ಹೃದಯ ನಿಂತಿತು.

*

ವ್ಯಾನು ನಿಧಾನವಾಗಿ ಮುಂದೆ ಹೋಗುತ್ತಿತ್ತು. ಜನ ಹಿಂದೆ ನಡೆಯುತ್ತಿದ್ದರು. ಅವಳು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಯಾರ ಹೆಜ್ಜೆಗೂ ಅವಳ ಹೆಜ್ಜೆ ಕೂಡುತ್ತಿರಲಿಲ್ಲ. ಮನಸ್ಸು ಬಿಟ್ಟೆನೇ? ಎಲ್ಲಿ? ಎಷ್ಟನೇ ಸುತ್ತಿನಲ್ಲಿ?

"ಸ್ಮಶಾನ ಇನ್ನೂ ಎಷ್ಟು ದೂರಾನಪ್ಪ?" ಚಿಕ್ಕಪ್ಪ ಏದುಸಿರು ಬಿಡುತ್ತ ಕೇಳಿದ.

"ಮನೆ ಗೇಟಿಂದ ಏಳುನೂರ ಅರವತ್ತು ಮೀಟರ್. ನಿಮ್ಮಣ್ಣ ಎಣಿಸಿದ್ದು, ಮನೆ ಕಟ್ಟಿಸಿದ ವರ್ಷ," ಎಂದ ಕಂಪಾಸ್.

"ಮನೆ ಕಟ್ಟಿಸಿದ ವರ್ಷ ಯಾರಾದ್ರೂ ಇದನ್ನ ಎಣಿಸ್ತಾರಾ!"

"ಅವನು ಎಣಿಸದೆ ಬಿಟ್ಟಿದ್ದು ಯಾವುದು? ಹೋದ ಅಕ್ಟೋಬರಲ್ಲಿ ಮತ್ತೆ ಎಣಿಸಿದ. ಒಂಬೈನೂರ ಹತ್ತು ಬಂತಂತೆ. 'ಸ್ಮಶಾನ ನನ್ನ ಕಂಡ್ರೆ ಹಿಂದಕ್ಕೆ ಸರೀತಿದೆ ಕಣೋ' ಅಂತ ನಕ್ಕ."

ಅವಳು ಗಕ್ಕನೆ ನಿಂತಳು. ಹಿಂದಿನಿಂದ ಬಂದ ಯಾರೋ ಡಿಕ್ಕಿ ಹೊಡೆದರು.

"ನೀವೇನಂದ್ರಿ ಮಾಮ?"

"ನಾನೇನಂತೀನಿ? ನಾನೂ ನಕ್ಕೆ."

ಅಕ್ಟೋಬರಿನಲ್ಲೇ ಅಪ್ಪ ಸೊಂಟ ಹಿಡಿದುಕೊಂಡು ಮಂಚದಿಂದ ಏಳುತ್ತಿದ್ದುದು. ರಸ್ತೆ ಬೆಳೆದಿರಲಿಲ್ಲ, ಹೆಜ್ಜೆ ಗಿಡ್ಡವಾಗಿತ್ತು. ಆ ಗಿಡ್ಡ ಹೆಜ್ಜೆಯಲ್ಲೇ ಅವನು ಕೆರೆಯ ದಾರಿಯನ್ನೂ ಅಳೆದಿದ್ದ.

ಎಲ್ಲರೆದುರು ಅವಳು ಫೋನು ತೆಗೆದು ಲೆಕ್ಕ ಹಾಕಿದಳು. ಅತ್ತೆಯೊಬ್ಬಳು "ಇವತ್ತೂ ಫೋನಾ?" ಎಂದು ಗೊಣಗಿದಳು. ಒಂಬೈನೂರ ಹತ್ತಕ್ಕೆ ಏಳುನೂರ ಅರವತ್ತಾದರೆ, ಅಪ್ಪನ ಎರಡು ಸಾವಿರದ ನಾನೂರು ಎಂದರೆ ನಿಜಕ್ಕೆ ಸುಮಾರು ಎರಡು ಸಾವಿರದ ನಾಲ್ಕು ಮೀಟರ್. ಅದೇ ವೇಗದಲ್ಲಿ ಪೂರ್ತಿ ದೂರ ಓಡಿದರೆ ಹದಿನಾಲ್ಕು ನಿಮಿಷ ಒಂದು ಸೆಕೆಂಡ್.

ಮೈದಾನದಲ್ಲಿ ಅವಳು ಎಲ್ಲೂ ಮನಸ್ಸು ಬಿಟ್ಟಿರಲಿಲ್ಲ.

"ಮಾಮ, ಅಪ್ಪನಿಗೆ ಇದು ಗೊತ್ತಿತ್ತಾ?"

ಪರದೆ ನೋಡಿದ ಕಂಪಾಸ್‌ಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ಗೊತ್ತಿದ್ರೆ ಬಿಡ್ತಿದ್ನಾ? ತೆವಳ್ಕೊಂಡಾದ್ರೂ ಹೋಗಿ ಚುಕ್ಕೆ ಅಳಿಸಿ ಬರ್ತಿದ್ದ." ವ್ಯಾನಿನ ಕಡೆ ನೋಡಿ ಗದರಿದ, "ಲೋ, ನಾನು ಪಕ್ಕದಲ್ಲೇ ಇದ್ದೆನಲ್ಲೋ, ಒಂದು ಮಾತು ಕೇಳಬಾರದಿತ್ತಾ?" ಆಮೇಲೆ ಮುಖ ತಿರುಗಿಸಿ ಮೂಗು ಒರೆಸಿಕೊಂಡ.

*

ಮೂರೂವರೆಗೆ ಎಲ್ಲ ಮುಗಿದಿತ್ತು. ಅಪ್ಪ ಬೂಟು ಹಾಕಿಕೊಂಡೇ ಹೋಗಿದ್ದ. ಅವಳು ಘಟಕದ ಉಗ್ರಾಣದಿಂದ ಪೈಪ್ ದಾರಿ ಅಳೆಯುವ ಚಕ್ರವನ್ನೂ ಬಿಳಿ ಬಣ್ಣದ ಡಬ್ಬಿಯನ್ನೂ ತಂದಳು. ಕೆರೆಯ ದಾರಿಯ ಮೊದಲ ಚುಕ್ಕೆಯ ಮೇಲೆ ಚಕ್ರವಿಟ್ಟು ಹೊರಟಾಗ ಕಂಪಾಸ್ ಜೊತೆಗೆ ನಡೆದ. ಅವನ ಕೈಯಲ್ಲಿ ಅಪ್ಪನ ಮಣಿದಾರವಿತ್ತು. ಒಂದು ಮಣಿಯನ್ನೂ ಅವನು ಸರಿಸಲಿಲ್ಲ.

ಅಪ್ಪನ ಕೊನೆಯ ಚುಕ್ಕೆ ಬಂದಾಗ ಅವಳು ನಿಲ್ಲಲಿಲ್ಲ. ಬೆಂಚುಗಳು, ದೋಣಿ ಕಟ್ಟುವ ಕಂಬ, ತೂಬು ಎಲ್ಲ ದಾಟಿ, ಚಕ್ರ ಎರಡು ಸಾವಿರದ ನಾನೂರು ತೋರಿಸಿದಲ್ಲಿ ನಿಂತಳು. ಬಗ್ಗಿ ಹೊಸ ಚುಕ್ಕೆ ಹಾಕಿದಳು.

"ನಾಲ್ಕೂ ಇಪ್ಪತ್ತು," ಎಂದ ಕಂಪಾಸ್. "ಇಪ್ಪತ್ತನಾಲ್ಕು ದಿನದಲ್ಲಿ ನಲವತ್ತಾರು ಸೆಕೆಂಡ್ ಇಳಿಸ್ತೀಯಾ?"

"ಗೊತ್ತಿಲ್ಲ ಮಾಮ. ಬೆನ್ನು ಕೊಡಿ."

ಅವನು ಬಾಗಿದ. ಬೆನ್ನ ಮೇಲೆ ಅರ್ಜಿ ಹರಡಿ ಅವಳು ಸಹಿ ಹಾಕಿದಳು. ಮೂಲೆಯಲ್ಲಿ ಬೆರಳಿನ ಬಿಳಿ ಬಣ್ಣ ಅಂಟಿತು. ಅವನು ಆಫೀಸಿನ ಕಡೆ ಓಡುನಡಿಗೆಯಲ್ಲಿ ಹೊರಟ.

ಅವಳು ಬೂಟಿನ ದಾರ ಬಿಗಿದು, ಹಿಂತಿರುಗಿ ನೋಡಿದಳು. ಅಪ್ಪನ ಚುಕ್ಕೆ ಕೆರೆಯ ತಿರುವಿನಾಚೆ ಇತ್ತು, ಇಲ್ಲಿಗೆ ಕಾಣುತ್ತಿರಲಿಲ್ಲ. ಅಲ್ಲಿಂದ ಇಲ್ಲಿಗೆ ಮುನ್ನೂರ ತೊಂಬತ್ತಾರು ಮೀಟರ್.