ಟೋಪಿಯಿಲ್ಲದ ಫೋಟೋ

ತಣ್ಣಗಿದೆ ಪೆನ್ನಿನ ತುದಿ, ಎಡಗಿವಿಯ ಮೇಲಿನಿಂದ ಹೊರಟು ಹಣೆಯ ಮೇಲೆ ಕಮಾನು ಕಟ್ಟುತ್ತ ಬಲಕ್ಕೆ ಬರುತ್ತಿದೆ, ಅಲುಗಾಡಬೇಡಿ ಸರ್ ಎನ್ನುತ್ತಾರೆ ಡಾಕ್ಟರಮ್ಮ, ನಾನೆಲ್ಲಿ ಅಲುಗಾಡಿದೆ, ಉಸಿರು ಬಿಗಿಹಿಡಿದು ಕೂತಿದ್ದೇನೆ, ಇನ್ನು ಮೇಲೆ ಕೂದಲು ಇಲ್ಲಿಂದ ಶುರುವಾಗುತ್ತೆ ನೋಡಿ ಅನ್ನುತ್ತಾರೆ, ಹೊಲಕ್ಕೆ ಬೇಲಿ ಗುರುತು ಮಾಡಿದಷ್ಟು ಸಲೀಸಾಗಿ — ಇದೇ ಜಾಗದಲ್ಲಿ ಅಪ್ಪನಿಗೂ ಒಂದು ಗೆರೆಯಿತ್ತು, ಕಂಡಕ್ಟರ್ ಟೋಪಿ ಒತ್ತಿ ಒತ್ತಿ ಮೂಡಿದ ಕೆಂಪು ಗೆರೆ, ಸಂಜೆ ಬಂದು ಟೋಪಿಯನ್ನು ಮೊಳೆಗೆ ಹಾಕಿದರೆ ಗೆರೆಯ ಕೆಳಗೆ ಬಿಸಿಲುಂಡ ಮುಖ, ಮೇಲೆ ಬಿಸಿಲೇ ಕಾಣದ ನುಣ್ಣನೆಯ ಬಿಳಿ ತಲೆ, ಇಬ್ಬರು ಗಂಡಸರನ್ನು ಅರ್ಧರ್ಧ ಕತ್ತರಿಸಿ ಜೋಡಿಸಿದ ಹಾಗೆ, ಬಸ್ ಕಂಪನಿಯೋರು ಟೋಪಿ ಕೊಟ್ಟು ಕೂದಲು ಇಸ್ಕೊಂಡ್ರು ಕಣೋ ಎಂದು ಅಪ್ಪ ನಗುತ್ತಿದ್ದ, ಮುಖ ತೊಳೆಯಲು ಹೋದರೆ ಅಮ್ಮ ಒಳಗಿನಿಂದಲೇ, ಮುಖ ಎಲ್ಲಿ ಮುಗೀತು ಅಂತ ನೋಡ್ಕೊಂಡು ತೊಳೀರಿ, ನೀರು ಸಾಲಲ್ಲ ಅನ್ನುತ್ತಿದ್ದಳು, ಆಮೇಲೆ ಅವನು ಒದ್ದೆ ತಲೆಯಲ್ಲೇ ದೀಪದ ಮುಂದೆ ಕೂತು ದೇವರ ಪದ್ಯ ಹೇಳಲು ಶುರುಮಾಡುತ್ತಿದ್ದ, ದಿನಕ್ಕೆ ಹತ್ತು, ಹೆಚ್ಚಿಲ್ಲ ಕಮ್ಮಿಯಿಲ್ಲ, ನಾನು ಬೆನ್ನ ಹಿಂದೆ ಗೋಡೆಗೊರಗಿ ಕೇಳುತ್ತಿದ್ದೆ, ಅರ್ಥ ಯಾರಿಗೆ ಬೇಕಿತ್ತು, ಪ್ರಾಸ ಬಂದಲ್ಲೆಲ್ಲ ಆ ತಲೆ ಸಣ್ಣಗೆ ತೂಗುತ್ತಿತ್ತು, ದೀಪದ ಬೆಳಕು ಅದರ ಮೇಲೆ ಇತ್ತ ಜಾರಿ ಅತ್ತ ಜಾರಿ ಸಾಲಿನ ಕೊನೆಗೆ ನಡುನೆತ್ತಿಗೆ ಬಂದು ನಿಲ್ಲುತ್ತಿತ್ತು, ದೇವರೆಂದರೆ ಅಲ್ಲಿ ಬಂದು ನಿಲ್ಲುವ ಆ ಬೆಳಕೇ ಎಂದು ಬಹಳ ವರ್ಷ ನಂಬಿದ್ದೆ, ಈಗಲೂ ಕೈಮುಗಿದರೆ ಕಣ್ಣ ಮುಂದೆ ಬರುವುದು ವಿಗ್ರಹವಲ್ಲ, ಅದೇ.

ಟೋಪಿಗೂ ಇದಕ್ಕೂ ಸಂಬಂಧವೇ ಇಲ್ಲ ಸರ್ ಎನ್ನುತ್ತಾರೆ ಡಾಕ್ಟರಮ್ಮ, ನಾನು ಯಾವಾಗ ಬಾಯಿಬಿಟ್ಟು ಕೇಳಿದೆನೋ, ಎಣ್ಣೆ ಹಚ್ಚದೆ ಇದ್ದಿದ್ದಕ್ಕಲ್ಲ, ನೀರು ಬದಲಾಗಿದ್ದಕ್ಕೂ ಅಲ್ಲ, ಇದು ವಂಶದಲ್ಲಿ ಬರೋದು, ಗಂಡಸಿನ ಮೈಯಲ್ಲೇ ಹುಟ್ಟೋ ಹಾರ್ಮೋನು ಕೂದಲಿನ ಬೇರನ್ನ ವರ್ಷದಿಂದ ವರ್ಷಕ್ಕೆ ಸಣ್ಣ ಮಾಡ್ತಾ ಬರುತ್ತೆ, ಮೊದಲು ನೂಲಿನಂಥ ಕೂದಲು, ಆಮೇಲೆ ಅದೂ ಇಲ್ಲ, ಹಿಂದ್ಗಡೆ ಕೂದಲಿಗೆ ಆ ಕಾಟ ಕಮ್ಮಿ, ಅದಕ್ಕೇ ಅಲ್ಲಿಂದ ಒಂದೊಂದೇ ಬೇರು ತೆಗೆದು ಇಲ್ಲಿ ನಡೋದು — ಒಳ್ಳೆಯ ಹೆಂಗಸು, ಮಗ್ಗಿ ಹೇಳಿಕೊಡುವವರ ಹಾಗೆ ತಾಳ್ಮೆಯಿಂದ ಹೇಳುತ್ತಾರೆ, ಇವರು ಇಪ್ಪತ್ತು ವರ್ಷ ಮೊದಲೇ ಸಿಕ್ಕಿದ್ದರೆ ನಾನು ಈರುಳ್ಳಿ ರಸ ಬಳಿದುಕೊಂಡು ಕೂರುತ್ತಿರಲಿಲ್ಲ, ಆಗ ಹೊಸ ಮದುವೆ, ನನ್ನಾಕೆ ದಿಂಬನ್ನು ಎತ್ತಿಕೊಂಡು ಕೋಣೆಯ ಆ ಮೂಲೆಗೆ ಹೋಗಿ ಮಲಗುತ್ತಿದ್ದಳು, ಈರುಳ್ಳಿ ಆದಮೇಲೆ ಮೊಟ್ಟೆಯ ಬಿಳಿ, ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುವುದು, ದಿನಕ್ಕೆರಡು ಸಲ ಹಚ್ಚುವ ದ್ರಾವಣ, ಅದರಿಂದ ನಾಲ್ಕು ತಿಂಗಳು ಎಳೆಹುಲ್ಲು ಚಿಗುರಿದಂತೆ ಚಿಗುರಿ, ನಿಲ್ಲಿಸಿದ ಕೂಡಲೇ ಬಂದ ದಾರಿಗೆ ಹೋಯಿತು, ಆಮೇಲೆ ಮಾತ್ರೆ, ಅದರಿಂದ ಗಂಡಸುತನಕ್ಕೆ ಏನಾದರೂ ಆದೀತೆಂದು ಯಾರೋ ಹೆದರಿಸಿದ್ದಕ್ಕೆ ಪೊಟ್ಟಣ ಒಡೆಯಲೇ ಇಲ್ಲ, ಒಂದು ವಿಗ್ಗು ಕೂಡ ತಂದಿದ್ದೆ, ಅದನ್ನು ಹಾಕಿಕೊಂಡು ಊಟಕ್ಕೆ ಕೂತ ದಿನ ಅಮ್ಮ ಯಾರು ಬಂದಿದಾರೆ ಎಂದು ಸೊಸೆಯನ್ನು ಕೇಳಿದಳು, ಬೇಕೆಂದೇ ಕೇಳಿದಳು, ಅವಳಿಗೆ ಆಗ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಎಲ್ಲ ಬಿಟ್ಟಿದ್ದೆ, ಹೋದ ತಿಂಗಳು ನನ್ನ ಸ್ಟುಡಿಯೋ ಬಾಗಿಲಲ್ಲಿ ಒಬ್ಬ ಬಂದು, ಅಜ್ಜಾವ್ರೇ, ಫೋಟೋ ತೆಗಿಯೋರು ಒಳಗಿದಾರಾ ಅಂದ, ಅವನಿಗೂ ನಲವತ್ತಿರಬೇಕು, ನನಗೆ ನಲವತ್ತೆಂಟು, ಅವನ ಫೋಟೋ ತೆಗೆದೆ, ಆ ಅಜ್ಜ ಎಂಬ ಮಾತು ಮಾತ್ರ ಹೊಟ್ಟೆಯಲ್ಲಿ ಉಳಿಯಿತು, ನನ್ನಾಕೆಯ ತಮ್ಮ ಇಲ್ಲೇ ಮಾಡಿಸಿಕೊಂಡು ದಿನಕ್ಕೆ ಮೂರು ಸಲ ತಲೆ ಬಾಚುತ್ತಾನೆ, ಭಾವ ನೀವೂ ಹೋಗಿ ಅಂದ, ನಿಮಗೆ ಬೇಕಿದ್ರೆ ಮಾಡಿಸ್ಕೊಳ್ಳಿ, ನನಗೆ ನೋಡಿ ನೋಡಿ ರೂಢಿಯಾಗಿದೆ ಅಂದಳು ಇವಳು, ಇವತ್ತು ಬೆಳಗ್ಗೆ ಅಮ್ಮ ಎಲ್ಲಿಗೋ ಎಂದಾಗ ಹಲ್ಲಿನ ಡಾಕ್ಟರ ಹತ್ರ ಅಂದೆ, ಎಂಬತ್ತರ ಮುದುಕಿಗೆ ಸುಳ್ಳು ಹೇಳಿ ಬಂದವನು ನಾನು.

ತಂದೆಯವರಿಗೂ ಹೀಗೇ ಹೋಗಿತ್ತಾ ಸರ್, ಎಲ್ಲೀತನಕ ಹೋಗಿತ್ತು, ಅವರ ವಯಸ್ಸಾದ ಮೇಲಿನ ಫೋಟೋ ಒಂದಿದ್ರೆ ತೋರಿಸಿ, ನಿಮಗೆ ಇನ್ನೆಷ್ಟು ಹೋಗಬಹುದು ಅಂತ ಒಂದು ಅಂದಾಜು ಸಿಗುತ್ತೆ, ಅದನ್ನ ನೋಡ್ಕೊಂಡು ಗೆರೆ ಸ್ವಲ್ಪ ಮೇಲೆ ಕೆಳಗೆ ಮಾಡ್ತೀನಿ ಎನ್ನುತ್ತಾರೆ ಡಾಕ್ಟರಮ್ಮ, ಫೋಟೋದವರ ಮನೇಲಿ ಫೋಟೋಗೇನು ಬರ ಎಂದು ನಗುತ್ತಾರೆ, ನಾನೂ ನಗುತ್ತೇನೆ, ಫೋನು ತೆಗೆಯುತ್ತೇನೆ, ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ, ಟೋಪಿ, ಅಪ್ಪ ಡಿಪೋದಲ್ಲಿ ಬಹುಮಾನ ತಗೊಳ್ಳುತ್ತ, ಟೋಪಿ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು, ಆಗಲೂ ಟೋಪಿ, ಅದನ್ನು ಹಿಡಿದುಕೊಂಡೇ ನಾನು ಕೂತಿದ್ದೇನೆ, ಟೋಪಿಯಿಲ್ಲದ್ದು ಒಂದೇ ಒಂದು, ಅದು ನಾನು ತೆಗೆದದ್ದು, ಅವನು ನಿವೃತ್ತನಾದ ಮರುವಾರ, ನನ್ನ ಗುರುಗಳ ಸ್ಟುಡಿಯೋದಲ್ಲಿ, ನನಗೆ ಆಗ ಇಪ್ಪತ್ತಮೂರು. ನೆಗೆಟಿವ್ ತಿದ್ದುವುದು ನನ್ನ ಕೆಲಸ, ಮೊಡವೆ ಕಲೆಗಳನ್ನು ಪೆನ್ಸಿಲಿನಿಂದ ಮುಚ್ಚುವುದು, ಕೂದಲಿಲ್ಲದ ಮದುಮಕ್ಕಳಿಗೆ ಕೂದಲು ಕೊಡುವುದು, ನೆಗೆಟಿವ್‌ನಲ್ಲಿ ಬೆಳಕೆಲ್ಲ ಕಪ್ಪು, ಬೋಳುತಲೆ ಎಲ್ಲಕ್ಕಿಂತ ಕಪ್ಪು, ಕೂದಲು ಬರಬೇಕಾದರೆ ಆ ಕಪ್ಪನ್ನು ಸಣ್ಣ ಚಾಕುವಿನ ಮೊನೆಯಿಂದ ಎಳೆ ಎಳೆಯಾಗಿ ಕೆರೆದು ತೆಗೆಯಬೇಕು, ಕೆರೆದದ್ದು ಮತ್ತೆ ಬರುವುದಿಲ್ಲ, ನನ್ನ ಕೈ ಪಳಗಿತ್ತು, ಗುರುಗಳು ನನ್ನನ್ನು ಕ್ಷೌರಿಕ ಅಂತಲೇ ಕರೆಯುತ್ತಿದ್ದರು, ಕ್ಷೌರಿಕಾ, ಇವರಿಗೊಂಚೂರು ಕ್ರಾಪು ಬಿಡಪ್ಪಾ ಅನ್ನುತ್ತಿದ್ದರು. ಮರುವರ್ಷ ಅಪ್ಪ ಹೋದ. ಗೋಡೆಗೆ ದೊಡ್ಡ ಫೋಟೋ ಬೇಕೆಂದಳು ಅಮ್ಮ, ನಾನು ಕಿಟಕಿಯ ಬೆಳಕಿಗೆ ಆ ನೆಗೆಟಿವ್ ಹಿಡಿದೆ, ಬದುಕಿದ್ದಾಗ ನಾನವನಿಗೆ ಏನು ಕೊಟ್ಟಿದ್ದೆ, ಒಂದು ಅಂಗಿ ಕೂಡ ಹೊಲಿಸಿಕೊಟ್ಟಿರಲಿಲ್ಲ, ಒಂದು ಪ್ರತಿ ಹಾಗೇ ಅಚ್ಚು ಹಾಕಿಟ್ಟುಕೊಳ್ಳಬೇಕೆಂಬುದು ಆ ಘಳಿಗೆಗೆ ಹೊಳೆಯಲಿಲ್ಲ, ಎರಡು ದಿನ ಕೂತು ಕೆರೆದೆ, ಬೈತಲೆ ತೆಗೆದ, ಅಲೆ ಅಲೆಯಾದ, ಇಪ್ಪತ್ತರ ಹರೆಯದವರಿಗೂ ಇರದಂಥ ಕೂದಲು, ಗುರುಗಳು ಕನ್ನಡಕ ಏರಿಸಿ ನೋಡಿ, ಇದು ನೀನು ಮಾಡಿದ್ರಲ್ಲೆಲ್ಲ ಚೆನ್ನಾಗಿರೋದು ಕಣಯ್ಯಾ ಅಂದರು.

ಚೌಕಟ್ಟು ಹಾಕಿಸಿ ತಂದು ಅಮ್ಮನ ಮಡಿಲಲ್ಲಿಟ್ಟೆ, ಬಹಳ ಹೊತ್ತು ನೋಡಿದಳು, ಚೆನ್ನಾಗಿದಾರೆ ಅಂದಳು, ಯಾರೋ ನೆಂಟರ ಕಡೆಯವರ ಬಗ್ಗೆ ಹೇಳುವ ಹಾಗೆ, ಆಮೇಲೆ ಬಲ ಅಂಗೈಯನ್ನು ಗಾಜಿನ ಮೇಲಿಟ್ಟು ಹುಬ್ಬಿನಿಂದ ಮೇಲಕ್ಕೆಲ್ಲ ಮುಚ್ಚಿದಳು, ಕೆಳಗೆ ಉಳಿದ ಕಣ್ಣು ಮೂಗು ಬಾಯಿಗಳನ್ನು ನೋಡುತ್ತ, ಹೂಂ, ಈಗ ಇವರು, ಅಂದಳು, ಬೈಯಲಿಲ್ಲ, ದಿನಾ ಬೆಳಗ್ಗೆ ದೇವರಿಗೆ ಕೈಮುಗಿದು ಬಂದು ಗೋಡೆಯ ಮುಂದೆ ನಿಂತು ಹಾಗೇ ಅಂಗೈ ಇಟ್ಟು ನೋಡುತ್ತಾಳೆ, ಗಾಜಿನ ಮೇಲೆ ಮಬ್ಬು ಗುರುತು ಬೀಳುತ್ತದೆ, ನನ್ನಾಕೆ ಒರೆಸುತ್ತಾಳೆ, ಮತ್ತೆ ಬೀಳುತ್ತದೆ, ಇಪ್ಪತ್ತನಾಲ್ಕು ವರ್ಷ. ಸಿಕ್ತಾ ಸರ್ ಫೋಟೋ ಎನ್ನುತ್ತಾರೆ ಡಾಕ್ಟರಮ್ಮ, ಇಲ್ಲ ಎನ್ನುತ್ತೇನೆ, ಹೋಗ್ಲಿ ಬಿಡಿ, ಕನ್ನಡಿ ನೋಡ್ಕೊಳ್ಳಿ, ಗೆರೆ ಒಪ್ಪಿಗೆ ಆದ್ರೆ ಕಾಗದಕ್ಕೆ ಸಹಿ ಹಾಕಿ, ಇವರು ಹಿಂದ್ಗಡೆ ಕೂದಲು ಸಣ್ಣ ಮಾಡೋಕೆ ಮಷಿನ್ ಹಿಡೀತಾರೆ, ನರ್ಸು ಆಗಲೇ ಮಷಿನ್ ಚಾಲೂ ಮಾಡಿದ್ದಾಳೆ, ದುಂಬಿಯ ಸದ್ದು, ಕನ್ನಡಿ ಎತ್ತುತ್ತೇನೆ, ಗೆರೆಯ ಮೇಲೆ, ಛಾವಣಿಯ ಬಿಳಿ ದೀಪದ ಕೆಳಗೆ, ನುಣ್ಣಗೆ, ನಡುನೆತ್ತಿಯಲ್ಲಿ ಬೆಳಕು ನಿಂತಿರುವ ತಲೆ, ನೆಗೆಟಿವ್‌ನಿಂದ ನಾನು ಕೆರೆದು ಹಾಕಿದ್ದು, ಅದೇ ದಿಣ್ಣೆ, ಅದೇ ಇಳಿಜಾರು, ಇಷ್ಟು ವರ್ಷ ಈ ತಲೆ ಹೊತ್ತು ನಾನು ಊಟಕ್ಕೆ ಕೂತಾಗಲೆಲ್ಲ ಅಮ್ಮ ಬಡಿಸುವುದು ಬಿಟ್ಟು ನೋಡುತ್ತಿದ್ದಳಲ್ಲ, ನನ್ನನ್ನೇ ನೋಡುತ್ತಾಳೆಂದುಕೊಂಡಿದ್ದೆ — ಸರ್, ಸಹಿ, ಎನ್ನುತ್ತಾಳೆ ನರ್ಸು, ಇದನ್ನ ಅಳಿಸೋಕೆ ಏನಾದ್ರೂ ಕೊಡಿಯಮ್ಮಾ ಎನ್ನುತ್ತೇನೆ, ಗೆರೆ ಸರಿ ಇಲ್ವಾ ಸರ್, ಗೆರೆ ಚೆನ್ನಾಗಿದೆ, ಅಳಿಸಿಬಿಡಿ, ಹತ್ತಿ ಹಣೆಗೆ ತಾಗುತ್ತದೆ, ಮಷಿನ್ ನಿಲ್ಲುತ್ತದೆ, ಈಗ ಮನೆಯಲ್ಲಿ ಅಮ್ಮ ಒಬ್ಬಳೇ ಗೋಡೆಯ ಮುಂದೆ, ಗಾಜಿನ ಮೇಲೆ ಅಂಗೈ, ಬೆರಳಿನ ಸಂದಿಯಲ್ಲಿ ನನ್ನ ಚಾಕು ಕೊಟ್ಟ ಕೂದಲು ಒಂದೆಳೆ ಕಾಣುತ್ತದೆ, ಅವಳು ಬೆರಳು ಕೂಡಿಸುತ್ತಾಳೆ, ಅಂಗೈ, ಗಾಜಿನ ಮೇಲೆ ಅಂಗೈ